ಸ್ಟ್ರಾಲರ್ ಕೊಳ್ಳುವ ಮುಂಚೆ, ಅದನ್ನು ಎಲ್ಲಿ ಇಡುತ್ತೀರಿ ಹೇಳಿ

ಪ್ರಶ್ನೆ: ನಾವು ಮೈಸೂರಿನ ಕುವೆಂಪುನಗರದಲ್ಲಿ ಮೊದಲನೇ ಮಹಡಿಯಲ್ಲಿ ಬಾಡಿಗೆಗಿದ್ದೇವೆ. ಲಿಫ್ಟ್ ಇಲ್ಲ. ಮಗಳಿಗೆ ನಾಲ್ಕು ತಿಂಗಳು ತುಂಬಿತು. ಸಂಜೆ ಹೊತ್ತು ಅವಳನ್ನು ಸುತ್ತಾಡಿಸಲು ಒಂದು ಸ್ಟ್ರಾಲರ್ ತೆಗೆದುಕೊಳ್ಳಬೇಕು ಅಂತ ಆಸೆ. ಆನ್‌ಲೈನ್‌ನಲ್ಲಿ ನೋಡಿದರೆ ಮೂರು ಸಾವಿರಕ್ಕೂ ಇದೆ, ಐವತ್ತು ಸಾವಿರಕ್ಕೂ ಇದೆ. ತಿಂಗಳಿಗೊಮ್ಮೆ ಮಂಡ್ಯದ ತವರುಮನೆಗೆ ಹೋಗುತ್ತೇನೆ, ಒಮ್ಮೊಮ್ಮೆ ರೈಲು, ಒಮ್ಮೊಮ್ಮೆ ಕಾರು. ನಮ್ಮತ್ತೆಗೆ ಇದೆಲ್ಲ ಇಷ್ಟವಿಲ್ಲ. "ಕಂಕುಳಲ್ಲಿ ಬೆಳೆದ ಮಕ್ಕಳಿಗೆ ಏನಾಗಿದೆ?" ಅಂತಾರೆ. ಅಕ್ಕನ ಮಗನ ಹಳೇ ಗಾಡಿ ಮಂಡ್ಯದ ಮನೆ ಅಟ್ಟದ ಮೇಲಿದೆ. ಅದೇ ಸಾಕಾ, ಹೊಸದೇ ಬೇಕಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು "ಮೊದಲನೇ ಮಹಡಿ, ಲಿಫ್ಟ್ ಇಲ್ಲ" ಅನ್ನುವ ಮಾತು. ಉಳಿದದ್ದನ್ನೆಲ್ಲ ಆಮೇಲೆ ನೋಡೋಣ. ಮೊದಲು ಮೆಟ್ಟಿಲ ಲೆಕ್ಕ ಮುಗಿಸಿಬಿಡೋಣ.

ನಾಲ್ಕು ತಿಂಗಳ ಹೆಣ್ಣು ಮಗು ಸುಮಾರು ಆರು, ಆರೂವರೆ ಕಿಲೋ ಇರುತ್ತದೆ. ವರ್ಷ ತುಂಬುವ ಹೊತ್ತಿಗೆ ಒಂಬತ್ತರ ಹತ್ತಿರ ಬರುತ್ತದೆ. ಸಾಧಾರಣ ಸ್ಟ್ರಾಲರ್ ಏಳೆಂಟು ಕಿಲೋ. ಡೈಪರ್, ಬಿಸಿನೀರಿನ ಫ್ಲಾಸ್ಕ್, ಎರಡು ಜೊತೆ ಬಟ್ಟೆ ತುಂಬಿದ ಚೀಲ ಇನ್ನೆರಡು ಕಿಲೋ. ಒಟ್ಟು ಹದಿನೈದು ದಾಟಿತು. ಮಗುವನ್ನು ಗಾಡಿಯಲ್ಲೇ ಕೂರಿಸಿ ಗಾಡಿ ಸಮೇತ ಮೆಟ್ಟಿಲು ಇಳಿಸುವುದು ಬೇಡವೇ ಬೇಡ, ಇಬ್ಬರು ಹಿಡಿದರೂ ಬೇಡ. ಹಿಡಿದ ಕಡ್ಡಿ ಜಾರಬಹುದು, ಮಡಚುವ ಲಾಕ್ ಬಿಚ್ಚಿಕೊಳ್ಳಬಹುದು, ಮುಂದೆ ಇಳಿಯುವವರಿಗೆ ಮೆಟ್ಟಿಲೇ ಕಾಣಿಸುವುದಿಲ್ಲ. ಹಾಗಾದರೆ ಎರಡು ಸಲ ಇಳಿಯಬೇಕು. ಒಂದು ಸಲ ಗಾಡಿ, ಒಂದು ಸಲ ಮಗು. ಆ ನಡುವಿನ ಎರಡು ನಿಮಿಷ ಮಗು ಎಲ್ಲಿರುತ್ತದೆ? ಮೇಲೆ ಒಂಟಿಯಾಗಿಯೋ, ಕೆಳಗೆ ಒಂಟಿಯಾಗಿಯೋ? ಮನೆಯಲ್ಲಿ ಅತ್ತೆ ಇದ್ದರೆ ಸರಿ. ಇಲ್ಲದ ದಿನ? ಎಷ್ಟೋ ಮನೆಗಳಲ್ಲಿ ದುಡ್ಡು ಕೊಟ್ಟು ತಂದ ಸ್ಟ್ರಾಲರ್ ಎರಡೇ ತಿಂಗಳಿಗೆ ಒಗೆದ ಬಟ್ಟೆ ಹರಡುವ ಸ್ಟ್ಯಾಂಡ್ ಆಗುವುದು ಈ ಒಂದು ತಾಪತ್ರಯಕ್ಕೇ. ಗಾಡಿ ಚೆನ್ನಾಗಿಯೇ ಇರುತ್ತದೆ. ಇಳಿಸುವ ರಗಳೆಯೇ ಬೇಡ ಅನ್ನಿಸಿಬಿಡುತ್ತದೆ.

ಅದಕ್ಕೇ ಅಂಗಡಿಗೆ ಹೋಗುವ ಮುಂಚೆ ಮನೆ ಓನರ್ ಹತ್ತಿರ ಹೋಗಿ. ಕೆಳಗೆ ಮೆಟ್ಟಿಲಡಿ ಇರುವ ಮೂಲೆಯಲ್ಲೋ, ಸ್ಕೂಟರ್ ನಿಲ್ಲಿಸುವ ಪೋರ್ಟಿಕೋದ ಪಕ್ಕದಲ್ಲೋ ಮಡಚಿದ ಗಾಡಿ ಇಡಲು ಜಾಗ ಕೇಳಿ. ಎರಡು ಅಡಿ ಜಾಗ ಸಾಕು. ಹೆಚ್ಚಿನವರು ಇಲ್ಲ ಅನ್ನುವುದಿಲ್ಲ. ಸೈಕಲ್ ಚೈನ್ ಹಾಕಿ ಕಿಟಕಿ ಸರಳಿಗೋ ಗೇಟಿಗೋ ಬೀಗ ಹಾಕಿ. ಕೂರುವ ಬಟ್ಟೆ ಬಿಚ್ಚಲು ಬರುವಂತಿದ್ದರೆ ರಾತ್ರಿ ಅದನ್ನು ಮೇಲೆ ತಂದುಬಿಡಿ, ಇಲ್ಲವಾದರೆ ಹಳೇ ಬೆಡ್‌ಶೀಟ್ ಹೊದಿಸಿ. ಬೀದಿ ಬೆಕ್ಕಿಗೆ ಅದಕ್ಕಿಂತ ಮೆತ್ತನೆಯ ಹಾಸಿಗೆ ಕುವೆಂಪುನಗರದಲ್ಲಿ ಬೇರೆ ಸಿಗುವುದಿಲ್ಲ. ಬೆಳಿಗ್ಗೆ ಮಗುವನ್ನು ಕೂರಿಸುವ ಮುಂಚೆ ಕೈಯಾಡಿಸಿ ನೋಡಿ. ಜಿರಳೆ, ಜೇಡ ಸೇರಿಕೊಂಡಿರುತ್ತವೆ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ನಮ್ಮೂರಲ್ಲಿ ಸ್ಟ್ರಾಲರ್ ವಿಷಯದಲ್ಲಿ ಮೆಟ್ಟಿಲು ಒಂದು ಕಡೆ ಎಳೆಯುತ್ತದೆ, ರಸ್ತೆ ಇನ್ನೊಂದು ಕಡೆ ಎಳೆಯುತ್ತದೆ. ಮೆಟ್ಟಿಲಿಗೆ ಹಗುರ ಗಾಡಿ ಬೇಕು. ಹಗುರ ಗಾಡಿಗೆ ಚಿಕ್ಕ ಚಕ್ರ. ನಮ್ಮ ರಸ್ತೆಗೆ ದೊಡ್ಡ ಚಕ್ರ ಬೇಕು. ದೊಡ್ಡ ಚಕ್ರದ ಗಾಡಿ ಭಾರ. ಕೆಳಗೆ ಇಡಲು ಜಾಗ ಸಿಕ್ಕಿತು ಅಂದರೆ ಈ ಜಗಳದಿಂದ ಮೆಟ್ಟಿಲು ಆಚೆ ಹೋಯಿತು. ಆಗ ರಸ್ತೆಯೊಂದನ್ನೇ ನೋಡಿಕೊಂಡು ಗಾಡಿ ಆರಿಸಬಹುದು.

ಈಗ ರಸ್ತೆಗೆ ಬರೋಣ. ನಿಮ್ಮ ಏರಿಯಾದ ಫುಟ್‌ಪಾತ್ ನೆನಪು ಮಾಡಿಕೊಳ್ಳಿ. ಕಾಂಪ್ಲೆಕ್ಸ್ ಕಡೆಯಿಂದ ಪಂಚಮಂತ್ರ ರಸ್ತೆಗೆ ನಡೆದುಕೊಂಡು ಹೋದವರಿಗೆಲ್ಲ ಗೊತ್ತು. ಚರಂಡಿ ಮೇಲೆ ಹಾಸಿದ ಚಪ್ಪಡಿ, ಎರಡು ಚಪ್ಪಡಿ ನಡುವೆ ಎರಡು ಬೆರಳು ಸಂದು, ಒಂದು ಮೇಲೆದ್ದಿದೆ, ಇನ್ನೊಂದು ಕುಸಿದಿದೆ. ಪ್ರತಿ ಮನೆಯ ಗೇಟಿನ ಮುಂದೆ ಕಾರು ಹತ್ತಿಸುವ ಇಳಿಜಾರು. ನಡುವೆ ಒಂದು ಟ್ರಾನ್ಸ್‌ಫಾರ್ಮರ್, ಒಂದು ಎಳನೀರಿನ ಗಾಡಿ. ಸ್ಟ್ರಾಲರ್‌ನ ಮುಂದಿನ ಚಕ್ರಗಳು ಸುತ್ತಲೂ ತಿರುಗುವಂಥವು. ಆ ಸಂದು ಬಂದಾಗ ಚಿಕ್ಕ ಚಕ್ರ ಅಡ್ಡಕ್ಕೆ ತಿರುಗಿ ಒಳಗೆ ಕೂತುಬಿಡುತ್ತದೆ. ಗಾಡಿ ಗಕ್ಕನೆ ನಿಲ್ಲುತ್ತದೆ. ಹಿಂದಿನಿಂದ ಬರುತ್ತಿದ್ದ ನಿಮ್ಮ ಹೊಟ್ಟೆಗೆ ಹಿಡಿ ಬಡಿಯುತ್ತದೆ. ಮಗು ಮುಂದಕ್ಕೆ ವಾಲುತ್ತದೆ. ಬೆಲ್ಟ್ ಹಾಕಿದ್ದರೆ ಅಲ್ಲಿಗೆ ಮುಗಿಯಿತು. ಹಾಕಿಲ್ಲದಿದ್ದರೆ ಮಗು ನೆಲಕ್ಕೆ.

ಆದ್ದರಿಂದ ಚಕ್ರ ನೋಡಿ. ಐದೂವರೆ ಇಂಚಿನ ಪ್ಲಾಸ್ಟಿಕ್ ಚಕ್ರಗಳು ಮಾಲ್‌ನ ಟೈಲ್ಸ್‌ಗೆ ಲಾಯಕ್ಕು. ನಮ್ಮ ಚಪ್ಪಡಿಗೆ ಮುಂದಿನದು ಕನಿಷ್ಠ ಆರೂವರೆ ಏಳು ಇಂಚು, ಹಿಂದಿನದು ಇನ್ನೂ ದೊಡ್ಡದು ಇರಲಿ. ಚಕ್ರ ದೊಡ್ಡದಾದಷ್ಟೂ ಸಂದು ದಾಟುವುದು, ಅಂಚು ಹತ್ತುವುದು ಸುಲಭ. ಗಾಳಿ ತುಂಬುವ ರಬ್ಬರ್ ಚಕ್ರ ಬಲು ಮೆತ್ತಗೆ ಓಡುತ್ತದೆ, ಪಂಕ್ಚರ್ ಆದರೆ ಸೈಕಲ್ ಅಂಗಡಿಯವರೇ ಹಾಕಿಕೊಡುತ್ತಾರೆ. ಆದರೆ ಭಾರ ಜಾಸ್ತಿ. ಗಟ್ಟಿ ಫೋಮ್ ಚಕ್ರಕ್ಕೆ, ಅಂಗಡಿಯವರು ಇವಿಎ ಅನ್ನುತ್ತಾರಲ್ಲ ಅದಕ್ಕೆ, ಪಂಕ್ಚರ್ ತಲೆನೋವಿಲ್ಲ. ನಿಮಗೆ ಅದೇ ಸಾಕು. ಮುಂದಿನ ಚಕ್ರ ತಿರುಗದಂತೆ ನೆಟ್ಟಗೆ ಲಾಕ್ ಮಾಡುವ ಗುಂಡಿ ಇದೆಯೇ ಅಂತ ಖಂಡಿತ ನೋಡಿ. ಕೆಟ್ಟ ರಸ್ತೆಯಲ್ಲಿ ಅದನ್ನು ಲಾಕ್ ಮಾಡಿಕೊಂಡರೆ ಅಡ್ಡ ತಿರುಗಿ ಸಂದಿಗೆ ಬೀಳುವುದು ತಪ್ಪುತ್ತದೆ. ಚಕ್ರದ ಮೇಲೆ ಸ್ಪ್ರಿಂಗ್ ಇದೆ ಅಂತ ತೋರಿಸುತ್ತಾರೆ. ಹಿಡಿ ಹಿಡಿದು ಕೆಳಕ್ಕೆ ಒತ್ತಿ ನೋಡಿ, ಕುಣಿದರೆ ನಿಜ. ಎಷ್ಟೋ ಗಾಡಿಗಳಲ್ಲಿ ಅದು ಬರೀ ಅಲಂಕಾರ.

ಓಡಿಸುವ ಕ್ರಮವೂ ಒಂದಿದೆ. ಮೇಲೆ ಹತ್ತಿಸುವಾಗ ಹಿಡಿಯನ್ನು ಕೆಳಕ್ಕೊತ್ತಿ ಮುಂದಿನ ಚಕ್ರ ಎತ್ತಿ, ಅಂಚಿನ ಮೇಲಿಟ್ಟು, ಆಮೇಲೆ ಹಿಂದಿನದನ್ನು ದೂಡಿ. ಇಳಿಯುವಾಗ ನೀವು ಹಿಂದೆ ತಿರುಗಿ, ನೀವು ಮೊದಲು ಇಳಿದು, ಹಿಂದಿನ ಚಕ್ರ ಮೊದಲು ಇಳಿಸಿ. ಮಗುವಿನ ಮುಖ ಮುಂದೆ ಮಾಡಿ ಧಡ್ ಅಂತ ಇಳಿಸಬೇಡಿ. ಮಾಲ್‌ನಲ್ಲಿ ಎಸ್ಕಲೇಟರ್ ಮೇಲೆ ಗಾಡಿ ಹತ್ತಿಸುವವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಪಕ್ಕದಲ್ಲೇ ಲಿಫ್ಟ್ ಇರುತ್ತದೆ, ಎರಡು ನಿಮಿಷ ಕಾಯಲು ಏನು ಕಷ್ಟ?

ಕೆಳಗೆ ಜಾಗ ಸಿಗಲೇ ಇಲ್ಲ ಅನ್ನಿ. ಆಗ ಬೇರೆ ದಾರಿಯಿಲ್ಲ, ಆರು ಕಿಲೋ ಆಸುಪಾಸಿನ ಮಡಚುವ ಗಾಡಿಯನ್ನೇ ಹುಡುಕಬೇಕು. ಒಂದೇ ಕೈಯಲ್ಲಿ ಮಡಚಲು ಬರಬೇಕು, ಯಾಕೆಂದರೆ ಇನ್ನೊಂದು ಕೈಯಲ್ಲಿ ಮಗು ಇರುತ್ತದೆ. ಭುಜಕ್ಕೆ ಹಾಕಿಕೊಳ್ಳಲು ಪಟ್ಟಿ ಇರಬೇಕು. ಕೊಡೆಯಂತೆ ಮಡಚುವ ಗಾಡಿ ಹುಟ್ಟಿದ್ದೂ ಹೀಗೆ ಎತ್ತಿಕೊಂಡು ಓಡಾಡುವವರಿಗಾಗಿಯೇ. ಓವನ್ ಮೆಕ್‌ಲಾರೆನ್ ಅನ್ನುವ ಬ್ರಿಟಿಷ್ ಎಂಜಿನಿಯರ್ 1965ರಲ್ಲಿ ಅದಕ್ಕೆ ಪೇಟೆಂಟ್ ಹಾಕಿದ. ಅದಕ್ಕೂ ಮುಂಚೆ ಆತ ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರ ಇಳಿಸುವ ಭಾಗದ ಮೇಲೆ ಕೆಲಸ ಮಾಡಿದ್ದವನು. ಅಲ್ಯೂಮಿನಿಯಂ ಕೊಳವೆಯ ಆ ಗಾಡಿಯ ತೂಕ ಮೂರು ಕಿಲೋಗಿಂತ ಕಡಿಮೆ ಇತ್ತು. ಆದರೆ ಕೊಡೆ ಮಾದರಿಯ ಅಗ್ಗದ ಗಾಡಿಗಳಲ್ಲಿ ಬೆನ್ನು ಹಿಂದಕ್ಕೆ ಸರಿಯಾಗಿ ಒರಗುವುದಿಲ್ಲ, ಬಟ್ಟೆ ಜೋಲಿಯ ಹಾಗೆ ಗುಳಿ ಬೀಳುತ್ತದೆ. ನಿಮ್ಮ ಮಗಳಿಗೆ ಅದು ಈಗಲೇ ಆಗುವುದಿಲ್ಲ.

ಯಾಕೆ ಆಗುವುದಿಲ್ಲ? ನಾಲ್ಕು ತಿಂಗಳಿಗೆ ಕತ್ತು ನಿಲ್ಲಲು ಶುರುವಾಗಿರುತ್ತದೆ, ಬೆನ್ನು ಇನ್ನೂ ನಿಂತಿರುವುದಿಲ್ಲ. ಯಾರೂ ಹಿಡಿಯದೆ ಕೂರುವುದು ಸಾಮಾನ್ಯವಾಗಿ ಆರು ತಿಂಗಳ ಸುಮಾರಿಗೆ, ಕೆಲವು ಮಕ್ಕಳಿಗೆ ಇನ್ನೂ ತಡ. ಅಲ್ಲಿಯವರೆಗೆ ನೆಟ್ಟಗೆ ಕೂರಿಸಿದರೆ ಮಗು ಕುಸಿಯುತ್ತದೆ. ಬೆನ್ನು ಗೂನಾಗುತ್ತದೆ, ಗದ್ದ ಎದೆಗೆ ತಾಗುತ್ತದೆ. ಎಳೆ ಮಗುವಿನ ಶ್ವಾಸನಾಳ ಬಹಳ ಸಣ್ಣದು, ಮೆತ್ತನೆಯದು. ಗದ್ದ ಎದೆಗೆ ಒತ್ತಿದರೆ ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ಅಳುವುದಿಲ್ಲ, ಒದ್ದಾಡುವುದೂ ಇಲ್ಲ, ಹಾಗಾಗಿ ನಮಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಬೆನ್ನು ಹೆಚ್ಚುಕಡಿಮೆ ಪೂರ್ತಿ ಮಲಗುವ ಗಾಡಿ ಬೇಕು, ಮತ್ತು ಒರಗುವ ಹಲಗೆ ಗಟ್ಟಿ ಇರಬೇಕು. ಅಂಗಡಿಯಲ್ಲಿ ಪೂರ್ತಿ ಹಿಂದಕ್ಕೆ ಮಾಡಿಸಿ ಅಂಗೈಯಿಂದ ನಡುಭಾಗ ಒತ್ತಿ ನೋಡಿ. ಕೈ ಹೂತುಹೋದರೆ ಬೇಡ. ತಲೆ ಅಲುಗಾಡದಿರಲಿ ಅಂತ ದಿಂಬು, ಸುತ್ತಿದ ಟವೆಲ್ ತುರುಕುವುದೂ ಬೇಡ.

ಗಾಡಿಯಲ್ಲಿ ನಿದ್ದೆ ಬಂದರೆ? ಬರುತ್ತದೆ, ಅದಕ್ಕೇ ಅಲ್ವಾ ಎಷ್ಟೋ ಜನ ಕೊಳ್ಳುವುದು. ಸುತ್ತಾಡುವಾಗ, ನಿಮ್ಮ ಕಣ್ಣೆದುರಿಗೆ, ಬೆನ್ನು ಮಲಗಿಸಿದ ಗಾಡಿಯಲ್ಲಿ ಒಂದು ಜೊಂಪು ಹತ್ತಿದರೆ ತೊಂದರೆಯಿಲ್ಲ. ಮನೆಗೆ ಬಂದಮೇಲೆ "ಎದ್ದುಬಿಡುತ್ತಾಳೆ" ಅಂತ ಅಲ್ಲೇ ಬಿಡಬೇಡಿ, ಎತ್ತಿ ಸಮತಟ್ಟಾದ ಹಾಸಿಗೆಗೆ ಹಾಕಿ. ಸ್ಟ್ರಾಲರ್, ಕಾರ್ ಸೀಟ್, ಉಯ್ಯಾಲೆ ಇವುಗಳನ್ನು ದಿನನಿತ್ಯದ ನಿದ್ದೆಗೆ ಬಳಸಬಾರದು, ಅದರಲ್ಲೂ ನಾಲ್ಕು ತಿಂಗಳೊಳಗಿನ ಮಕ್ಕಳಿಗೆ ಬೇಡ ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರ ಸಲಹೆಯಲ್ಲೂ ಹೇಳಿದೆ.

ಬೆಲ್ಟ್ ವಿಷಯದಲ್ಲಿ ಚೌಕಾಸಿ ಇಲ್ಲ. ಎರಡು ಭುಜಕ್ಕೆ, ಎರಡು ಸೊಂಟಕ್ಕೆ, ಒಂದು ಕಾಲ ನಡುವೆ, ಒಟ್ಟು ಐದು ಕಡೆ ಹಿಡಿಯುವ ಬೆಲ್ಟ್ ಇರಬೇಕು. ಬರೀ ಸೊಂಟದ ಬೆಲ್ಟ್ ಇದ್ದರೆ ಮಗು ಕೆಳಗೆ ಜಾರಿಕೊಂಡು ಕತ್ತಿಗೆ ಸಿಕ್ಕಿಕೊಳ್ಳಬಹುದು. ಭುಜ ಮತ್ತು ಪಟ್ಟಿಯ ನಡುವೆ ನಿಮ್ಮ ಎರಡು ಬೆರಳು ತೂರುವಷ್ಟು ಬಿಗಿ ಸಾಕು. "ಇಲ್ಲೇ ಅಂಗಡಿಗೆ ತಾನೇ" ಅಂತ ಬಿಡಬೇಡಿ. ಚಪ್ಪಡಿ ಸಂದು ಇರುವುದೂ ಇಲ್ಲೇ.

ಮಗುವಿನ ಮುಖ ಯಾವ ಕಡೆ ಇರಬೇಕು ಅಂತ ನೀವು ಕೇಳಿಲ್ಲ. ಕೇಳಬೇಕಾದದ್ದು. ನನ್ನ ಮಟ್ಟಿಗೆ ಮೊದಲ ವರ್ಷ ಅಮ್ಮನ ಕಡೆಗೇ ಇರಲಿ. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಸುಝಾನ್ ಝೀಡಿಕ್ 2008ರಲ್ಲಿ ಇದನ್ನು ನೋಡಿದ್ದರು. ಎದುರುಬದುರಾಗಿ ಕೂರಿಸಿದಾಗ ತಾಯಂದಿರು ಮಗುವಿನ ಜೊತೆ ಆಡುವ ಮಾತು ಸುಮಾರು ದುಪ್ಪಟ್ಟಾಯಿತು. ಅದು ಬಿಟ್ಟರೂ, ಮುಖ ಕಾಣಿಸಿದರೆ ವಾಂತಿ ಬಂತೇ, ಗದ್ದ ಎದೆಗೆ ಬಿತ್ತೇ, ಕಣ್ಣಿಗೆ ಬಿಸಿಲು ಹೊಡೆಯಿತೇ ನಿಮಗೆ ಕಾಣುತ್ತದೆ. ಸೀಟು ತಿರುಗಿಸುವ ಗಾಡಿ ಸ್ವಲ್ಪ ಭಾರ. ಕೆಲವು ಅಗ್ಗದ ಗಾಡಿಗಳಲ್ಲಿ ಸೀಟಿನ ಬದಲು ಹಿಡಿಯನ್ನೇ ಆಚೆ ಈಚೆ ಮಗುಚಬಹುದು, ಅದೂ ಆದೀತು. ಆದರೆ ಹಾಗೆ ಮಗುಚಿದಾಗ ತಿರುಗುವ ಚಕ್ರ ನಿಮ್ಮ ಕಡೆಗೆ ಬರುತ್ತದೆ, ಓಡಿಸಲು ಒಂದು ಥರ ಮೊಂಡು. ಅಂಗಡಿಯಲ್ಲೇ ಎರಡೂ ರೀತಿ ತಳ್ಳಿ ನೋಡಿ.

ಇನ್ನು ಮೇಲೆ ಬಟ್ಟೆ ಮುಚ್ಚುವ ಅಭ್ಯಾಸ. ಬಿಸಿಲಿಗೆ, ಧೂಳಿಗೆ, ದೃಷ್ಟಿಗೆ, ಮೂರಕ್ಕೂ ನಮ್ಮಲ್ಲಿ ಒಂದೇ ಔಷಧಿ, ಗಾಡಿ ಮೇಲೆ ಒಂದು ವೇಲ್ ಹೊದಿಸುವುದು. ತೆಳು ಬಟ್ಟೆ, ಗಾಳಿಯಾಡುತ್ತದೆ ಅಂದುಕೊಳ್ಳುತ್ತೇವೆ. ಸಿಡ್ನಿ ವಿಶ್ವವಿದ್ಯಾಲಯದವರು ಸ್ಟ್ರಾಲರ್ ಒಳಗೆ ಅಳೆದು 2023ರಲ್ಲಿ ಪ್ರಕಟಿಸಿದರು. ಒಣ ಮಸ್ಲಿನ್ ಬಟ್ಟೆ ಮುಚ್ಚಿದರೆ ಒಳಗಿನ ಬಿಸಿ ಹೊರಗಿಗಿಂತ ಸುಮಾರು 3 ಡಿಗ್ರಿ ಜಾಸ್ತಿಯಾಯಿತು. ಅದೇ ಬಟ್ಟೆಯನ್ನು ಒದ್ದೆ ಮಾಡಿ, ಕ್ಲಿಪ್ ಹಾಕುವ ಸಣ್ಣ ಫ್ಯಾನ್ ಇಟ್ಟರೆ ಹೊರಗಿಗಿಂತ ಸುಮಾರು 5 ಡಿಗ್ರಿ ಕಡಿಮೆಯಾಯಿತು. ಏಪ್ರಿಲ್ ಮೈಸೂರಿನಲ್ಲಿ 3 ಡಿಗ್ರಿ ಅಂದರೆ ಸಣ್ಣ ಮಾತಲ್ಲ. ಹಾಗಾಗಿ ಅಗಲವಾದ, ಮುಂದಕ್ಕೆ ಎಳೆದುಕೊಳ್ಳಲು ಬರುವ ಹುಡ್ ಇರುವ ಗಾಡಿ ನೋಡಿ. ಹಿಂಬದಿಯಲ್ಲಿ ಜಾಲರಿ ಕಿಟಕಿ ಇದ್ದರೆ ಒಳ್ಳೆಯದು. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರೊಳಗೆ, ಸಂಜೆ ಐದರ ಮೇಲೆ ಹೊರಡಿ. ಮಳೆಗಾಲದ ಪ್ಲಾಸ್ಟಿಕ್ ಹೊದಿಕೆಯನ್ನು ಮಳೆ ನಿಂತ ತಕ್ಷಣ ತೆಗೆಯಿರಿ. ಬಿಸಿಲು ಬಿದ್ದರೆ ಅದರೊಳಗೆ ಕುದಿಯುತ್ತದೆ. ಸೊಳ್ಳೆ ಪರದೆ ಮಾತ್ರ ಕೇಳಿ ಪಡೆಯಿರಿ, ಸಂಜೆ ಹೊತ್ತು ಕೆರೆ ಕಡೆ ಹೋಗುವವರಿಗೆ ಅದು ಬೇಕೇ ಬೇಕು. ದೃಷ್ಟಿಗೆ ಕೆನ್ನೆಯ ಮೇಲೊಂದು ಕಪ್ಪು ಚುಕ್ಕಿ ಸಾಕು.

ಹೊಗೆಯ ಬಗ್ಗೆಯೂ ಒಂದು ಮಾತು. ಸ್ಟ್ರಾಲರ್‌ನಲ್ಲಿ ಮಗುವಿನ ಮೂಗು ನೆಲದಿಂದ ಒಂದು ಮೀಟರ್‌ಗೂ ಕೆಳಗೆ ಇರುತ್ತದೆ, ಆಟೋ, ಬಸ್ಸಿನ ಹೊಗೆ ಕೊಳವೆಯ ಎತ್ತರಕ್ಕೆ ಹತ್ತಿರ. ಬ್ರಿಟನ್ನಿನ ಸರ್ರೆ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಹೇಳಿದ ಪ್ರಕಾರ ದೊಡ್ಡವರಿಗಿಂತ ಶೇ. 60ರವರೆಗೆ ಹೆಚ್ಚು ಹೊಗೆ ಈ ಮಕ್ಕಳ ಪಾಲಿಗೆ ಬರಬಹುದು. ಸೀಟು ಎತ್ತರದಲ್ಲಿರುವ ಗಾಡಿ ಅಷ್ಟರ ಮಟ್ಟಿಗೆ ವಾಸಿ. ಅದಕ್ಕಿಂತ ಸುಲಭದ ಉಪಾಯ, ಮೇನ್ ರೋಡ್ ಬಿಟ್ಟು ಒಳಗಿನ ಕ್ರಾಸ್ ರಸ್ತೆಗಳಲ್ಲಿ ಓಡಾಡುವುದು. ಸಿಗ್ನಲ್‌ನಲ್ಲಿ ನಿಲ್ಲಬೇಕಾದರೆ ಒಂದೆರಡು ಹೆಜ್ಜೆ ಹಿಂದೆಯೇ ನಿಲ್ಲಿ.

ಬ್ರೇಕ್ ನೋಡುವಾಗ ಮನೆಯಲ್ಲಿ ಹಾಕುವ ಚಪ್ಪಲಿಯನ್ನೇ ಹಾಕಿಕೊಂಡು ಹೋಗಿ. ಇದನ್ನು ಯಾರೂ ಹೇಳುವುದಿಲ್ಲ. ಹೆಚ್ಚಿನ ಗಾಡಿಗಳಲ್ಲಿ ಬ್ರೇಕ್ ಹಾಕಲು ಪೆಡಲ್ ತುಳಿಯಬೇಕು, ಬಿಡಿಸಲು ಅದರ ಕೆಳಗೆ ಕಾಲ್ಬೆರಳು ತೂರಿಸಿ ಮೇಲಕ್ಕೆತ್ತಬೇಕು. ಶೂ ಹಾಕುವ ದೇಶದವರಿಗೆ ಅದು ಸಲೀಸು. ಬರೀ ಚಪ್ಪಲಿಯಲ್ಲಿ ಹೆಬ್ಬೆರಳ ಉಗುರು ಕಿತ್ತು ಬರುತ್ತದೆ, ಕಾಲುಂಗುರ ಇದ್ದರಂತೂ ಇನ್ನೂ ಹಿಂಸೆ. ನೋವಾಗುತ್ತದೆ ಅಂತ ಆಮೇಲೆ ಬ್ರೇಕ್ ಹಾಕುವುದನ್ನೇ ಬಿಟ್ಟುಬಿಡುತ್ತೇವೆ. ಒಮ್ಮೆ ಒತ್ತಿದರೆ ಹಿಡಿಯುವ, ಇನ್ನೊಮ್ಮೆ ಒತ್ತಿದರೆ ಬಿಡುವ ಪೆಡಲ್ ಹುಡುಕಿ. ಒಂದೇ ಪೆಡಲ್‌ಗೆ ಎರಡೂ ಚಕ್ರ ಹಿಡಿಯಬೇಕು. ಐದು ಕಿಲೋ ಅಕ್ಕಿ ಚೀಲ ತೆಗೆದುಕೊಂಡು ಹೋಗಿ ಸೀಟಿನಲ್ಲಿ ಕೂರಿಸಿ, ಅಂಗಡಿ ಮುಂದಿನ ಇಳಿಜಾರಿನಲ್ಲಿ ಬ್ರೇಕ್ ಹಾಕಿ ಕೈಬಿಟ್ಟು ನೋಡಿ. ಅಂಗಡಿಯವರು ನಗಲಿ ಬಿಡಿ.

ಹಿಡಿಯ ಎತ್ತರ ನಿಮಗೂ ಸರಿಹೋಗಬೇಕು, ನಿಮ್ಮ ಯಜಮಾನರಿಗೂ, ಅತ್ತೆಗೂ. ಮೊಣಕೈ ಸ್ವಲ್ಪ ಬಾಗಿ, ಬೆನ್ನು ನೆಟ್ಟಗೆ ಇರಬೇಕು. ನಡೆಯುವಾಗ ಕಾಲು ಹಿಂದಿನ ಚಕ್ರಕ್ಕೆ ತಾಗಬಾರದು. ಸೆರಗು, ದುಪಟ್ಟಾ ಸಿಕ್ಕಿಸಿಕೊಳ್ಳಿ, ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಹಿಡಿಗೆ ತರಕಾರಿ ಚೀಲ ನೇತುಹಾಕುವುದು ಎಲ್ಲರೂ ಮಾಡುವ ಕೆಲಸ. ಮಗುವನ್ನು ಎತ್ತಿದ ಕ್ಷಣ ಗಾಡಿ ಹಿಂದಕ್ಕೆ ಮಗುಚುತ್ತದೆ. ಹಗುರ ಗಾಡಿಯಾದರೆ ಮಗು ಕೂತಿರುವಾಗಲೇ ಮಗುಚಬಹುದು. ಸಾಮಾನು ಸೀಟಿನಡಿಯ ಬುಟ್ಟಿಗೆ ಹಾಕಿ.

ಮಂಡ್ಯದ ಪ್ರಯಾಣಕ್ಕೆ ಬರುತ್ತೇನೆ. ರೈಲಿನಲ್ಲಿ ಹೋಗುವಾಗ ಗಾಡಿ ಒಯ್ಯಲೇಬೇಕಾ ಯೋಚಿಸಿ. ಪ್ಲಾಟ್‌ಫಾರಂ ದಾಟಲು ಮೆಟ್ಟಿಲು ಹತ್ತಬೇಕಾಗಿ ಬಂದರೆ, ಬೋಗಿಯ ಬಾಗಿಲು ಕಿರಿದಾಗಿದ್ದರೆ, ಜನ ನುಗ್ಗುತ್ತಿದ್ದರೆ, ಒಂದು ಕೈಯಲ್ಲಿ ಮಗು ಇನ್ನೊಂದು ಕೈಯಲ್ಲಿ ಗಾಡಿ ಅಂದರೆ ಹರಸಾಹಸ. ರೈಲಿಗೆ ಎದೆಗೆ ಕಟ್ಟಿಕೊಳ್ಳುವ ಬೇಬಿ ಕ್ಯಾರಿಯರ್ ಎಷ್ಟೋ ಮೇಲು. ಎರಡೂ ಕೈ ಖಾಲಿ ಇರುತ್ತವೆ. ಒಯ್ಯಲೇಬೇಕಾದರೆ ಪ್ಲಾಟ್‌ಫಾರಂನಲ್ಲಿ ಗಾಡಿಯನ್ನು ಹಳಿಯ ಕಡೆ ಮುಖ ಮಾಡಿ ನಿಲ್ಲಿಸಬೇಡಿ. ಹಳಿಗೆ ಸಮಾನಾಂತರವಾಗಿ, ಅಂಚಿನಿಂದ ದೂರ, ಬ್ರೇಕ್ ಹಾಕಿ, ಕೈಯನ್ನೂ ಹಿಡಿಯ ಮೇಲೇ ಇಟ್ಟು ನಿಲ್ಲಿ. ರೈಲು ಬರುವ ಮೊದಲೇ ಮಗುವನ್ನು ಎತ್ತಿಕೊಂಡು ಗಾಡಿ ಮಡಚಿ.

ಕಾರಿನ ವಿಷಯ ಬೇರೆ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ. ಆ ವೇಗದಲ್ಲಿ ಬ್ರೇಕ್ ಬಿದ್ದರೆ ಮಡಿಲಲ್ಲಿರುವ ಆರು ಕಿಲೋ ಮಗುವನ್ನು ಯಾವ ತಾಯಿಯ ಕೈಯೂ ಹಿಡಿದಿಡಲಾರದು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಕೂರಿಸದಿದ್ದರೆ 1,000 ರೂಪಾಯಿ ದಂಡ ಅಂತ 2019ರ ತಿದ್ದುಪಡಿಯಲ್ಲೇ ಇದೆ. ದಂಡದ ಮಾತು ಬಿಡಿ, ನಿಮ್ಮ ಹತ್ತಿರ ಹತ್ತು ಸಾವಿರ ಇದೆ ಅನ್ನಿ. ಹತ್ತನ್ನೂ ಸ್ಟ್ರಾಲರ್‌ಗೆ ಸುರಿಯುವ ಬದಲು ಕಾರಿಗೆ ಒಂದು ಒಳ್ಳೆಯ ಮಕ್ಕಳ ಸೀಟ್ ತೆಗೆದುಕೊಂಡು, ಉಳಿದದ್ದರಲ್ಲಿ ಸಾಧಾರಣ ಸ್ಟ್ರಾಲರ್ ಕೊಳ್ಳಿ ಅನ್ನುತ್ತೇನೆ. ಆ ಮಕ್ಕಳ ಸೀಟನ್ನು ಕಾರಿನ ಹಿಂದಿನ ಸೀಟಿನಲ್ಲಿ, ಮಗುವಿನ ಮುಖ ಹಿಂದಕ್ಕೆ ಬರುವಂತೆ ಕಟ್ಟಬೇಕು. ಕಾರ್ ಸೀಟನ್ನೇ ಎತ್ತಿ ಸ್ಟ್ರಾಲರ್ ಮೇಲೆ ಕೂರಿಸುವ ಜೋಡಿ ಸೆಟ್‌ಗಳೂ ಸಿಗುತ್ತವೆ. ನೋಡಲು ಚೆಂದ, ಭಾರ ಮತ್ತು ಬೆಲೆ ಎರಡೂ ಜಾಸ್ತಿ. ನಿಮಗೆ ಬೇಡ ಅನ್ನಿಸುತ್ತದೆ. ಸ್ಟ್ರಾಲರ್ ಸೀಟನ್ನೇ ಕಾರಿನಲ್ಲಿಟ್ಟು ಬೆಲ್ಟ್ ಸುತ್ತುವುದು ಮಾತ್ರ ಯಾವ ಕಾರಣಕ್ಕೂ ಬೇಡ.

ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ, ಅದರಲ್ಲಿ ಹುರುಳಿದೆ. ಕಂಕುಳಲ್ಲಿ ಎತ್ತಿಕೊಂಡಾಗ ಮಗುವಿನ ತೊಡೆಗಳು ಅಗಲವಾಗಿ, ಮಂಡಿ ಮೇಲಕ್ಕೆ ಬಂದು, ಸೊಂಟದ ಕೀಲು ಗುಳಿಯಲ್ಲಿ ಸರಿಯಾಗಿ ಕೂರುತ್ತದೆ. ಮೂಳೆ ವೈದ್ಯರೂ ಇದೇ ಭಂಗಿ ಒಳ್ಳೆಯದು ಅನ್ನುತ್ತಾರೆ. ಮಗುವಿಗೆ ದಿನವೆಲ್ಲ ಸ್ಟ್ರಾಲರ್‌ನಲ್ಲಿ ಕಟ್ಟಿಸಿಕೊಂಡು ಇರುವುದು ಬೇಕಿಲ್ಲ. ಚಾಪೆ ಮೇಲೆ ಬೋರಲು ಮಲಗಿ ಒದ್ದಾಡಬೇಕು, ಉರುಳಬೇಕು. ಆದರೆ ಆರು ಕಿಲೋ ಒಂಬತ್ತಾಗುತ್ತದೆ, ಆಗ ನಿಮ್ಮ ಬೆನ್ನಿನ ಕಥೆಯನ್ನೂ ಅತ್ತೆಗೆ ಹೇಳಿ. ಸಂಜೆ ಮುಕ್ಕಾಲು ಗಂಟೆ ಗಾಡಿ, ಉಳಿದ ಹೊತ್ತು ಅಜ್ಜಿಯ ಕಂಕುಳು ಅಂತ ಒಪ್ಪಂದ ಮಾಡಿಕೊಂಡರೆ ಜಗಳವೇ ಇರುವುದಿಲ್ಲ. ಅಂದಹಾಗೆ ಅಂಗಡಿಯಲ್ಲಿ "ಇದರ ಜೊತೆ ವಾಕರ್ ಫ್ರೀ" ಅಂದರೆ ಬೇಡ ಅನ್ನಿ. ಚಕ್ರದ ವಾಕರ್‌ನಲ್ಲಿ ಮಕ್ಕಳು ಮೆಟ್ಟಿಲಿಂದ ಉರುಳುತ್ತಾರೆ. ಕೆನಡಾ ಅದರ ಮಾರಾಟವನ್ನೇ 2004ರಲ್ಲಿ ನಿಷೇಧಿಸಿತು.

ಸುತ್ತಾಡಲು ಎಲ್ಲಿಗೆ? ಮೃಗಾಲಯದ ಒಳದಾರಿ ಸ್ಟ್ರಾಲರ್‌ಗೆ ಹೇಳಿ ಮಾಡಿಸಿದ ಹಾಗಿದೆ, ಮಂಗಳವಾರ ರಜೆ ಅನ್ನುವುದು ನೆನಪಿರಲಿ. ಕುಕ್ಕರಹಳ್ಳಿ ಕೆರೆಯದು ಮಣ್ಣಿನ ದಾರಿ, ದೊಡ್ಡ ಚಕ್ರವಿದ್ದರೆ ಸೊಗಸು, ಚಿಕ್ಕದಾದರೆ ಮಗುವಿಗೆ ಬರೀ ಕುಲುಕಾಟ. ದೇವರಾಜ ಮಾರ್ಕೆಟ್ಟಿಗೆ ಗಾಡಿ ಬೇಡ. ಹೂವಿನ ಸಾಲಿನಲ್ಲಿ ಇಬ್ಬರು ಎದುರಾದರೆ ನಡೆಯಲು ಜಾಗವಿರುವುದಿಲ್ಲ. ದಸರಾ ಜಂಗುಳಿಯಲ್ಲೂ ಅಷ್ಟೆ, ಜನರ ಮಂಡಿ ಮಟ್ಟದಲ್ಲಿ ಮಗುವನ್ನು ತಳ್ಳಿಕೊಂಡು ಹೋಗುವುದು ಬೇಡ.

ಬೆಲೆ ಹೇಳುವುದಾದರೆ, ಮೂರು ಸಾವಿರದ್ದರಲ್ಲಿ ಮೇಲೆ ಹೇಳಿದ ಚಕ್ರ, ಬೆಲ್ಟ್, ಮಲಗುವ ಬೆನ್ನು ಮೂರೂ ಒಟ್ಟಿಗೆ ಸಿಗುವುದು ಕಷ್ಟ. ಐದರಿಂದ ಎಂಟು ಸಾವಿರದೊಳಗೆ ಹುಡುಕಿದರೆ ಸಿಗುತ್ತದೆ. ಅದರ ಮೇಲೆ ಕೊಡುವ ದುಡ್ಡು ಹೆಚ್ಚಾಗಿ ಹಗುರ ಲೋಹಕ್ಕೆ, ಬಟ್ಟೆಗೆ, ಹೆಸರಿಗೆ. ಪೆಟ್ಟಿಗೆಯ ಮೇಲೆ ಯುರೋಪಿನ ಇಎನ್ 1888 ಅಥವಾ ಅಮೆರಿಕದ ಎಎಸ್‌ಟಿಎಂ ಎಫ್833 ಅಂತ ಬರೆದಿದೆಯೇ ನೋಡಿ. ಬ್ರೇಕ್, ಮಗುಚುವ ಅಪಾಯ, ಬೆರಳು ಸಿಕ್ಕುವ ಸಂದು, ಬೆಲ್ಟ್ ಇವನ್ನೆಲ್ಲ ಪರೀಕ್ಷಿಸುವ ಮಾನದಂಡಗಳು ಅವು. ಕಪ್ ಹೋಲ್ಡರ್, ಹಾಡು ಹೇಳುವ ಟ್ರೇ ಇವಕ್ಕೆಲ್ಲ ಮರುಳಾಗಬೇಡಿ. ಬಟ್ಟೆ ಬಿಚ್ಚಿ ಒಗೆಯಲು ಬರುತ್ತದೆಯೇ, ಚಕ್ರ ಬಿಡಿಯಾಗಿ ಸಿಗುತ್ತದೆಯೇ ಕೇಳಿ.

ಈಗ ಅಟ್ಟದ ಮೇಲಿನ ಗಾಡಿ. ಹೊಸದು ಕೊಳ್ಳುವ ಮುಂಚೆ ಅದನ್ನು ಇಳಿಸಿ ನೋಡಲೇಬೇಕು. ಎಷ್ಟು ವರ್ಷದ್ದು ಅನ್ನುವುದಕ್ಕಿಂತ ಹೇಗಿದೆ ಅನ್ನುವುದು ಮುಖ್ಯ. ಬಿಡಿಸಿ ನಿಲ್ಲಿಸಿ, ಲಾಕ್ "ಟಕ್" ಅಂತ ಕೂರುತ್ತದೆಯೇ ಕೇಳಿಸಿಕೊಳ್ಳಿ. ಒಂದು ಲಾಕ್ ಕೈಕೊಟ್ಟರೆ ಹಿಡಿಯಲು ಇನ್ನೊಂದು ಇರಬೇಕು. ಅಕ್ಕಿ ಚೀಲ ಇಟ್ಟು ಅಲುಗಾಡಿಸಿ, ಮಡಚಿಕೊಳ್ಳಬಾರದು. ಪ್ಲಾಸ್ಟಿಕ್ ಕೀಲುಗಳಲ್ಲಿ ಬಿಳಿ ಗೆರೆ ಕಂಡರೆ ಅದು ಸೀಳಲು ಶುರುವಾದ ಗುರುತು, ಆ ಗಾಡಿ ಬೇಡ. ಮಡಚುವ ಜಾಗದಲ್ಲಿ ಬೆರಳು ತೂರುವ ಸಂದು ಇದೆಯೇ ನೋಡಿ. ಇದು ಸುಮ್ನೆ ಹೆದರಿಸುವ ಮಾತಲ್ಲ. ಹೆಸರಾಂತ ಮೆಕ್‌ಲಾರೆನ್ ಕಂಪನಿಯೇ 2009ರಲ್ಲಿ ಅಮೆರಿಕದಲ್ಲಿ ಸುಮಾರು 10 ಲಕ್ಷ ಗಾಡಿಗಳ ವಿಷಯದಲ್ಲಿ ಎಚ್ಚರಿಕೆ ಕೊಟ್ಟು ಕೀಲಿಗೆ ಹಾಕುವ ಮುಚ್ಚಳ ಹಂಚಬೇಕಾಯಿತು. ಬಿಡಿಸುವಾಗ ಕೀಲಿಗೆ ಸಿಕ್ಕಿ ಬೆರಳ ತುದಿ ತುಂಡಾದ 12 ಪ್ರಕರಣಗಳು ಅಲ್ಲಿ ಬಂದಿದ್ದವು. ಯಾವ ಗಾಡಿಯೇ ಆಗಲಿ, ಬಿಡಿಸುವಾಗ ಮಡಚುವಾಗ ಮಗು ಕೈಗೆಟುಕದಷ್ಟು ದೂರ ಇರಲಿ.

ಚಕ್ರ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಹೆಚ್ಚಾಗಿ ಅಚ್ಚಿಗೆ ಕೂದಲು, ಮಲ್ಲಿಗೆ ಹೂವಿನ ದಾರ ಸುತ್ತಿಕೊಂಡಿರುತ್ತದೆ. ಬ್ಲೇಡಿನಿಂದ ಕತ್ತರಿಸಿ ಎಳೆದರೆ ಬರುತ್ತದೆ. ಕೊಬ್ಬರಿ ಎಣ್ಣೆ ಬಿಡಬೇಡಿ, ಧೂಳು ಹಿಡಿದು ಇನ್ನೂ ಕೆಡುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಿಲಿಕೋನ್ ಸ್ಪ್ರೇ ಸಾಕು. ಬೆಲ್ಟಿನ ಹೊಲಿಗೆ ಎಳೆದು ನೋಡಿ, ಇಲಿ ಕಡಿದಿದ್ದರೆ ಬದಲಾಯಿಸಲೇಬೇಕು. ಬಟ್ಟೆ ಬಿಚ್ಚಿ ಒಗೆದು ಒಳ್ಳೆಯ ಬಿಸಿಲಿಗೆ ಹಾಕಿ.

ಇಷ್ಟರಲ್ಲಿ ಅದು ಪಾಸಾಗಿ, ಬೆನ್ನು ಪೂರ್ತಿ ಮಲಗುವಂತಿದ್ದರೆ ಅದನ್ನೇ ಮೈಸೂರಿಗೆ ತನ್ನಿ, ಹೊಸದು ಬೇಕಿಲ್ಲ. ಬೆನ್ನು ಮಲಗುವುದಿಲ್ಲ, ಉಳಿದದ್ದೆಲ್ಲ ಸರಿಯಿದೆ ಅಂದರೆ ಅದು ಮಂಡ್ಯದಲ್ಲೇ ಇರಲಿ. ಮಗಳು ಕೂರಲು ಕಲಿತ ಮೇಲೆ ತವರಿಗೆ ಹೋದಾಗ ಅಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಆಗ ನೀವು ರೈಲಿನಲ್ಲಿ ಗಾಡಿ ಹೊರುವ ಪ್ರಶ್ನೆಯೇ ಇರುವುದಿಲ್ಲ. ಮೈಸೂರಿಗೆ ಕೊಳ್ಳುವ ಗಾಡಿ ಎಂಟು ಕಿಲೋ ಇದ್ದರೂ ಪರವಾಗಿಲ್ಲ, ಮೆಟ್ಟಿಲ ಕೆಳಗೇ ಇರುತ್ತದಲ್ಲ.